ಕಂಡದ್ದು: ಒಂದು

ಮೊದಲು ಕಂಡವಳು ನಿಂಗಾಜಮ್ಮ.
ಆಲೆಮನೆಯ ಒಲೆಬಾಯಿಗೆ
ಮೂವತ್ತು ವರ್ಷದಿಂದ ರಚ್ಚು ನೂಕುವವಳು,
ಹುಬ್ಬು ಸುಟ್ಟು, ಬೆಳೆದು, ಮತ್ತೆ ಸುಟ್ಟವಳು.
"ಬೆಕ್ಕಲ್ಲ ಕಣ್ ಮೇಷ್ಟ್ರೆ" ಅಂದಳು.
"ಬೆಕ್ಕಾದ್ರೆ ಹಾಲು ಕಂಡ್ರೆ ಬತ್ತದೆ.
ಇದು ನನ್ನ ಕಂಡು ನಿಂತ್ಕತು,
ಬೆಂಕಿ ಕಂಡು ನಿಂತ್ಕತು,
ಆಮೇಲೆ ಏನೋ ಗ್ಯಾಪಕ ಬಂದಂಗೆ ಹೊಂಟೋಯ್ತು."

ಎಷ್ಟು ದೊಡ್ಡದು?
ಮೊಣಕೈ ಮಡಿಚಿ ತೋರಿಸಿದಳು:
ಮುಂಗೈಯಷ್ಟು, ಬಳೆ ಸೇರಿಸಿದರೆ ಒಂಚೂರು ಜಾಸ್ತಿ.
ಬಣ್ಣ?
ಸುತ್ತ ನೋಡಿದಳು. ಮೂಲೆಯಲ್ಲಿ
ಬೋರಲು ಹಾಕಿದ್ದ ಹಳೇ ಕೊಪ್ಪರಿಗೆ.
"ಅದರ ತುಕ್ಕು."

ನಾನು ಪಾಂಡವಪುರದ ಕಾಲೇಜಿನಲ್ಲಿ
ಜೀವಶಾಸ್ತ್ರದ ಲ್ಯಾಬು ಕಾಯುವವನು,
ಫಾರ್ಮಾಲಿನ್ನಿನಲ್ಲಿ ಮುಳುಗಿದ ಕಪ್ಪೆಗಳನ್ನು
ಹೆಸರು ಹಿಡಿದು ಕರೆಯಬಲ್ಲವನು.
ತುಕ್ಕು ಎಂದ ಕೂಡಲೇ
ಬೆನ್ನಿನ ನಡುವೆ ಏನೋ ಎದ್ದು ಕೂತಿತು.
ನನ್ನ ಹಳೇ ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ,
ನಕ್ಷೆಯಲ್ಲಿ ನಮ್ಮ ಕಡೆ ಬರೀ ಬಿಳುಪು.

ಮೈಸೂರಿನಿಂದ ಎರವಲು ತಂದ ಕ್ಯಾಮೆರಾ
ನಾಲೆ ಏರಿಯ ಹೊಂಗೆಗೆ ಕಟ್ಟಿದೆ,
ನೆಲದಿಂದ ಒಂದು ಗೇಣು ಮೇಲೆ.
ಅದು ನೋಡಿದ್ದೆಲ್ಲ ಕಾರ್ಡಿನಲ್ಲಿದೆ:
ಮುಂಗುಸಿ, ಮುಂಗುಸಿ, ಮೂರು ಕಾಲಿನ ನಾಯಿ,
ರಾತ್ರಿ ಎರಡಕ್ಕೆ ಕರೆಂಟು ಬಂತೆಂದು
ಮೋಟಾರು ಹಾಕಲು ಓಡುವ ಒಂದು ಲುಂಗಿ,
ತಲೆದೂಗುವ ಕಬ್ಬಿನ ಸೋಗೆ, ಇನ್ನೂರ ಹನ್ನೆರಡು ಸಲ,
ಇದೇನೆಂದು ಬಗ್ಗಿ ಇಣುಕಿದ
ಪಾಕದ ಮರಿಸ್ವಾಮಿಯ ಮೂಗು,
ಮಂಜು,
ಮಂಜಿನೊಳಗೆ ಏನೂ ಇಲ್ಲ.

ಇಪ್ಪತ್ತೇಳು ರಾತ್ರಿ ಹೀಗೆ.
ನಡುವೆ ಒಂದು ರಾತ್ರಿ ಬ್ಯಾಟರಿ ಸತ್ತಿತ್ತು.
ಅವತ್ತೇ ಬಂದು ಹೋಗಿದ್ದೀತು ಎಂಬ ಅನುಮಾನವನ್ನು
ಮುದ್ದೆಯ ಜೊತೆ ನುಂಗಿದೆ.

ಇಪ್ಪತ್ತೆಂಟನೆಯದು, ಮೂರು ಗಂಟೆ ಹದಿನಾಲ್ಕು ನಿಮಿಷ.
ಒಂದೇ ಚಿತ್ರ.
ಕಡಿದ ಗದ್ದೆಗೂ ಕಡಿಯದ ಗದ್ದೆಗೂ ನಡುವಿನ ಬದುವಿನಲ್ಲಿ
ಒಂದು ಪಾದ ಇಟ್ಟು, ಒಂದು ಪಾದ ಎತ್ತಿ.
ಹಣೆಗೆ ಉದ್ದ ಗೆರೆಗಳು, ಕಿವಿ ಎರಡೂ ನೆಟ್ಟಗೆ,
ಬಾಯಲ್ಲಿ ಇಲಿಯ ಬಾಲ,
ಮೈತುಂಬ, ಯಾರೋ ಕುಂಚ ಕೊಡವಿದ ಹಾಗೆ, ಚುಕ್ಕಿ.
ರಾತ್ರಿಯ ಚಿತ್ರಕ್ಕೆ ಬಣ್ಣವಿರುವುದಿಲ್ಲ.
ನನಗೆ ತುಕ್ಕು ಕಂಡಿತು.

ಬೆಳಗಿನವರೆಗೂ ನಮೂನೆ ತುಂಬಿದೆ.
ಅಕ್ಷಾಂಶ. ರೇಖಾಂಶ.
ನೆಲೆ: ಕಬ್ಬು, ನಾಲೆ ಏರಿ, ಆಚೆಗೆ ಕುಂತಿಬೆಟ್ಟದ ಬಂಡೆ.
ಪುರಾವೆ: ಛಾಯಾಚಿತ್ರ.
ಕಂಡವರು: ನನ್ನ ಹೆಸರು,
ಅಂಕಣ ಮೀರಿ ಹೋಗುವಷ್ಟು ದಪ್ಪಕ್ಷರದಲ್ಲಿ.
ಸಂಖ್ಯೆ: ಒಂದು.

ಫೋನು ಹಿಡಿದು ಆಲೆಮನೆಗೆ ಓಡಿದೆ.
ನಿಂಗಾಜಮ್ಮ ಸೆರಗಿಗೆ ಕೈಯೊರೆಸಿಕೊಂಡು
ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು,
ಕೂಸಿನ ಮುಖ ನೋಡುವ ಹಾಗೆ.
"ಚೆಂದಾಗದೆ."
ಆಮೇಲೆ ಒಲೆಗೆ ಒಂದು ತೆಕ್ಕೆ ನೂಕಿ,
ಹೊಗೆಗೆ ಮುಖ ತಿರುಗಿಸಿ,
"ಇದು ಅದಲ್ಲ ಮೇಷ್ಟ್ರೆ.
ಅದರ ಎಡಗಿವಿ ಹರಿದದೆ."

ಕೊಪ್ಪರಿಗೆಯಲ್ಲಿ ಹಾಲು ಉಕ್ಕಿ, ತಗ್ಗಿತು.
ಮರಿಸ್ವಾಮಿ ಒಂದು ತೊಟ್ಟನ್ನು ನೀರಿಗೆ ಬಿಟ್ಟು,
ಬೆರಳಲ್ಲಿ ಉರುಳಿಸಿ ನೋಡಿ,
"ಇನ್ನೂ ಬಂದಿಲ್ಲ" ಅಂದ.

ಹರಿದ ಕಿವಿಗೆ ನಮೂನೆಯಲ್ಲಿ ಜಾಗವಿಲ್ಲ.
ಬೆಂಕಿಯ ಬೆಳಕಲ್ಲಿ ಕಂಡದ್ದಕ್ಕೆ,
ಮುಂಗೈಯಿಂದ ಅಳೆದದ್ದಕ್ಕೆ, ಇಲ್ಲ.
ಅಂಚಿನ ಖಾಲಿಯಲ್ಲಿ ಪೆನ್ಸಿಲಿನಿಂದ ಬರೆದೆ:
ಇನ್ನೊಂದಿದೆ. ಕಂಡವರು ನಿಂಗಾಜಮ್ಮ.
ನನಗಿಂತ ಎರಡು ತಿಂಗಳು ಮೊದಲು.

ಹೊರಗೆ ಕಡಿಯುವವರು ಕುಡುಗೋಲು ಮಸೆಯುತ್ತಿದ್ದರು.
ಉಳಿದ ಗದ್ದೆಗೆ ಸೋಮವಾರ ಕಟಾವು.
"ಎಲ್ಲಿಗೆ ಹೋಗ್ತವೆ?" ಅಂದೆ.
ಅವಳು ಉತ್ತರ ಕೊಡಲಿಲ್ಲ.
ಹಿತ್ತಲಿನ ರಚ್ಚಿನ ರಾಶಿಯಲ್ಲಿ
ಬಲಗಡೆಯಿಂದ ಮಾತ್ರ ಬಾಚಿ ತಂದಳು.
ಎಡಗಡೆ, ಎಷ್ಟೋ ದಿನದಿಂದ,
ಯಾರೂ ಕೈಹಾಕದ ಹಾಗೆ ಇತ್ತು.